ಬುಕ್ ಮಾಡಿ ಏಳು ತಿಂಗಳಾಯ್ತು, ಎಲೆಕ್ಟ್ರಿಕ್ ಕಾರು ಬಂದಿಲ್ಲ: ಕಾಯೋದಾ, ದುಡ್ಡು ವಾಪಸ್ ಕೇಳೋದಾ?

ಪ್ರಶ್ನೆ: ಹೊಸದಾಗಿ ಬಿಡುಗಡೆಯಾದ ದೊಡ್ಡ ಎಲೆಕ್ಟ್ರಿಕ್ ಕಾರಿಗೆ ಏಳು ತಿಂಗಳ ಹಿಂದೆ 51,000 ರೂಪಾಯಿ ಕೊಟ್ಟು ಬುಕ್ ಮಾಡಿದೆ. ಡೆಲಿವರಿ ದಿನ ಮೂರು ಸಲ ಮುಂದಕ್ಕೆ ಹೋಯಿತು. ಆವಾಗ ಹೇಳಿದ ಬೆಲೆಗೂ ಈಗ ಹೇಳುತ್ತಿರುವ ಆನ್-ರೋಡ್ ಬೆಲೆಗೂ ಮೂರೂವರೆ ಲಕ್ಷ ಫರಕು. ಪೂರ್ತಿ ಹಣ ಕಟ್ಟಿದರೆ ಮುಂದಿನ ಲಾಟ್‌ನಲ್ಲಿ ನಿಮ್ಮದೇ ಮೊದಲು ಅಂತಾರೆ. ಕಟ್ಟಬೇಕಾ, ಅಥವಾ ಕೊಟ್ಟಿದ್ದನ್ನು ವಾಪಸ್ ಕೇಳಬೇಕಾ? (ಸಿಂಧನೂರಿನ ಓದುಗರು)

ಕಟ್ಟಬೇಡಿ. ಕಾರಿನ ಚಾಸಿ ನಂಬರು (ಒಂದೊಂದು ಕಾರಿಗೂ ಬೇರೆ ಬೇರೆ ಇರುವ ಗುರುತಿನ ಸಂಖ್ಯೆ) ನಿಮ್ಮ ಹೆಸರಿಗೆ ಬರಹದಲ್ಲಿ ಬರಬೇಕು, ಆ ಕಾರನ್ನು ನೀವು ಕಣ್ಣಾರೆ ನೋಡಬೇಕು. ಅಲ್ಲಿಯವರೆಗೆ ಇನ್ನೊಂದು ರೂಪಾಯಿ ಬೇಡ. ಅವರಿಗೊಂದು ಗಡುವು ಕೊಡಿ. ಅದು ಮೀರಿದರೆ ಬುಕಿಂಗ್ ಹಣ ವಾಪಸ್ ತಗೊಳ್ಳಿ. ಯಾಕೆ ಅನ್ನೋದು ಸ್ವಲ್ಪ ಉದ್ದದ ಕಥೆ.

ಈ ಓದುಗರು ಪ್ರಶ್ನೆಯ ಜೊತೆ ಒಂದು ಫೋಟೋ ಕಳಿಸಿದ್ದಾರೆ. ಮನೆಯ ಪೋರ್ಚ್. ಗೋಡೆಗೆ ಚಾರ್ಜರ್ ಆಗಲೇ ಕೂತಿದೆ. ಧೂಳು ಬೀಳಬಾರದು ಅಂತ ಅದರ ಮೇಲೆ ಸೋನಾ ಮಸೂರಿಯ ಖಾಲಿ ಚೀಲ ಕವುಚಿ, ಸುತ್ತಲೂ ಸುತಳಿ ಬಿಗಿದಿದ್ದಾರೆ. ಕೆಳಗೆ ಹಳೇ ಡೀಸೆಲ್ ಗಾಡಿ ನಿಂತಿದೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಅಂತ ಮನೆಯವರೇ ನಗುತ್ತಾರಂತೆ. ನನಗೆ ನಗು ಬರಲಿಲ್ಲ. ನಾನೂ ಬಳ್ಳಾರಿಯಲ್ಲಿ ಕೂತು ಒಂದು ಕಾಲಕ್ಕೆ ಅದನ್ನೇ ಮಾಡಿದವನು.

ತಡ ಆಗುವುದು ಹೊಸದೇನಲ್ಲ. ಈ ವ್ಯಾಪಾರದಲ್ಲಿ ಬುಕಿಂಗ್ ಅನ್ನುವ ಆಟವನ್ನು ದೊಡ್ಡದಾಗಿ ಆಡಿದ್ದು ಟೆಸ್ಲಾ. 2016ರಲ್ಲಿ ಮಾಡೆಲ್ 3 ಕಾರಿಗೆ ಭಾರತದಿಂದಲೂ 1,000 ಡಾಲರ್ ಕಟ್ಟಿಸಿಕೊಂಡರು. ಕಟ್ಟಿದವರು ಒಂಬತ್ತು ವರ್ಷ ಕಾದರು. 2025ರಲ್ಲಿ ಕಂಪನಿ ಆ ಹಣ ವಾಪಸ್ ಕೊಡಲು ಶುರು ಮಾಡಿತು. ಅದೇ ವರ್ಷ ಜುಲೈ 15ಕ್ಕೆ ಮುಂಬೈನಲ್ಲಿ ಷೋರೂಮ್ ತೆರೆದಾಗ ಮಾರಾಟಕ್ಕಿಟ್ಟಿದ್ದು ಬೇರೆ ಕಾರು, ಮಾಡೆಲ್ ವೈ. ಆಗಿನ ಬೆಲೆ 59.89 ಲಕ್ಷದಿಂದ ಶುರು. ಅವರದೇ ರೋಡ್‌ಸ್ಟರ್ ಕಥೆ ಇನ್ನೂ ಚೆನ್ನಾಗಿದೆ. 2017ರ ನವೆಂಬರ್‌ನಲ್ಲಿ ತೋರಿಸಿ, 2020ಕ್ಕೆ ಕೊಡುತ್ತೇವೆ ಎಂದು 50,000 ಡಾಲರ್ ಮುಂಗಡ ತಗೊಂಡರು. 2025 ಮುಗಿದರೂ ಅದು ಯಾರ ಮನೆಗೂ ಬಂದಿರಲಿಲ್ಲ. ಸೈಬರ್‌ಟ್ರಕ್ ಬಂತು, ಆದರೆ ಹೇಗೆ? 2019ರಲ್ಲಿ 39,900 ಡಾಲರಿನಿಂದ ಶುರು ಎಂದಿದ್ದರು. 2023ರ ಕೊನೆಗೆ ಡೆಲಿವರಿ ಶುರುವಾದಾಗ ತೀರಾ ಕಡಿಮೆಯದಕ್ಕೇ 60,990 ಡಾಲರ್, ಅದೂ 2025ರವರೆಗೆ ಕಾಯಿರಿ ಅಂತ.

ಎಲ್ಲರೂ ಹೀಗೆ ಅನ್ನಲಾರೆ. ಮಹೀಂದ್ರಾದವರ ಬಿಇ 6 ಮತ್ತು ಎಕ್ಸ್‌ಇವಿ 9ಇ ಕಾರುಗಳಿಗೆ 2025ರ ಫೆಬ್ರುವರಿ 14ರಂದು ಒಂದೇ ದಿನ 30,179 ಬುಕಿಂಗ್ ಬಂದವು. ದುಬಾರಿ ಮಾಡೆಲ್ ಮೊದಲು, ಕಡಿಮೆ ಬೆಲೆಯದು ತಿಂಗಳುಗಳ ನಂತರ ಅಂತ ಅವರು ಮೊದಲೇ ಹೇಳಿದ್ದರು. ಇದನ್ನು ನೆನಪಿಡಿ. ಸುಮಾರು ಎಲ್ಲ ಕಂಪನಿಗಳೂ ಮೊದಲು ತಯಾರಿಸುವುದು ಲಾಭ ಜಾಸ್ತಿ ಇರುವ ಟಾಪ್ ಮಾಡೆಲ್ಲನ್ನೇ. ಪೇಪರ್ ಜಾಹೀರಾತಿನ ದೊಡ್ಡ ಅಕ್ಷರದ ಬೆಲೆ ಮಾತ್ರ ಕೊನೆಗೆ ಬರುವ ಮಾಡೆಲ್ಲಿನದು.

ಕೆಲವು ಸಲ ತಡಕ್ಕೆ ನಿಜವಾದ ಕಾರಣವೂ ಇರುತ್ತದೆ. ಕಾರಿನ ಮೋಟರಿನೊಳಗೆ ಅಪರೂಪದ ಖನಿಜಗಳ ಅಯಸ್ಕಾಂತ ಇರುತ್ತದೆ. ಅದರ ಬಹುಪಾಲು ಚೀನಾದಿಂದ ಬರಬೇಕು. 2025ರ ಏಪ್ರಿಲ್‌ನಲ್ಲಿ ಚೀನಾ ಅದರ ರಫ್ತಿಗೆ ಕಡಿವಾಣ ಹಾಕಿತು, ಇಲ್ಲಿನ ಕಾರ್ಖಾನೆಗಳು ಒದ್ದಾಡಿದವು. ಹೀಗಾದಾಗ ಷೋರೂಮಿನ ಹುಡುಗನ ಮೇಲೆ ರೇಗಿ ಪ್ರಯೋಜನ ಇಲ್ಲ. "ಮೇಲಿನಿಂದ ಬಂದಿಲ್ಲ ಸರ್" ಅನ್ನುವುದು ಅವನಿಗೆ ಗೊತ್ತಿರುವ ಪೂರ್ತಿ ಸತ್ಯ. ಆದರೆ ಕಾರಣ ಏನೇ ಇರಲಿ, ಕಾಯುವ ಖರ್ಚು ಬೀಳುವುದು ನಿಮ್ಮ ತಲೆ ಮೇಲೆ.

ಆ ಖರ್ಚು ಮೂರೂವರೆ ಲಕ್ಷ ಹೇಗಾಯ್ತು ನೋಡಿ. ಬಿಡುಗಡೆ ದಿನ ಹೇಳಿದ್ದು ಎಕ್ಸ್-ಷೋರೂಮ್ ಬೆಲೆ. ಅದರ ಮೇಲೆ ವಿಮೆ ಬರುತ್ತದೆ, ಥರ್ಡ್ ಪಾರ್ಟಿದು ಮೂರು ವರ್ಷದ್ದು ಒಟ್ಟಿಗೆ. ಹತ್ತು ಲಕ್ಷ ಮೀರಿದ ಕಾರಿಗೆ ಶೇ 1 ಟಿಸಿಎಸ್, ಅಂದರೆ ಮಾರುವವರೇ ವಸೂಲಿ ಮಾಡಿ ಸರ್ಕಾರಕ್ಕೆ ಕಟ್ಟುವ ತೆರಿಗೆ. ಇದು ಮುಂದೆ ಆದಾಯ ತೆರಿಗೆ ಲೆಕ್ಕದಲ್ಲಿ ಹೊಂದುತ್ತದೆ, ಗಾಬರಿ ಬೇಡ. ಹಲವು ಕಂಪನಿಗಳು ಚಾರ್ಜರಿಗೂ ಅದನ್ನು ಕೂರಿಸುವುದಕ್ಕೂ ಬೇರೆ ಬಿಲ್ ಹಾಕುತ್ತವೆ. ಇವೆಲ್ಲ ಸಣ್ಣದು. ದೊಡ್ಡದು ರಸ್ತೆ ತೆರಿಗೆ. ಕರ್ನಾಟಕದಲ್ಲಿ ಎಲೆಕ್ಟ್ರಿಕ್ ಗಾಡಿಗೆ ತೆರಿಗೆ ಇಲ್ಲ ಅಂತಲೇ ನಾವೆಲ್ಲ ಅಂದುಕೊಂಡಿದ್ದೆವು. 2024ರಲ್ಲಿ 25 ಲಕ್ಷ ದಾಟಿದ ಎಲೆಕ್ಟ್ರಿಕ್ ಕಾರಿಗೆ ಶೇ 10 ಆಜೀವ ತೆರಿಗೆ ಬಂತು. ಆ ನಿಯಮದ ಲೆಕ್ಕದಲ್ಲಿ 24 ಲಕ್ಷದ "ಪರಿಚಯ ಬೆಲೆ" ಮುಗಿದು ಕಾರು 26 ಲಕ್ಷ ಆಯ್ತು ಅಂದರೆ ನಿಮಗೆ ಏರಿದ್ದು ಎರಡು ಲಕ್ಷ ಅಲ್ಲ, ನಾಲ್ಕೂವರೆ ಲಕ್ಷಕ್ಕಿಂತ ಜಾಸ್ತಿ. ತೆರಿಗೆ ಲೆಕ್ಕ ಹಾಕುವುದು ನೋಂದಣಿಯ ಹೊತ್ತಿಗೆ ಇರುವ ದರದ ಮೇಲೆ, ನೀವು ಬುಕ್ ಮಾಡಿದ ದಿನದ ಮೇಲಲ್ಲ. ಬೆಲೆ ಬದಲಾಗಬಹುದು ಎಂಬ ಸಾಲು ಬುಕಿಂಗ್ ಫಾರಮ್ಮಿನ ಹಿಂದೆ ಸಣ್ಣ ಅಕ್ಷರದಲ್ಲಿ ಇದ್ದೇ ಇರುತ್ತದೆ. ಈಗ ಹೋಗಿ ಓದಿ.

ಇನ್ನು ರೇಂಜ್, ಅಂದರೆ ಒಮ್ಮೆ ಪೂರ್ತಿ ಚಾರ್ಜ್ ಮಾಡಿದರೆ ಕಾರು ಎಷ್ಟು ದೂರ ಓಡುತ್ತದೆ ಅನ್ನುವುದು. ಪ್ರಶ್ನೆಯಲ್ಲಿ ಇದು ಇಲ್ಲ, ಆದರೆ ಕಾರು ಬಂದ ಮೇಲೆ ಬರುವ ಮುಂದಿನ ದೂರು ಇದೇ. ಹಾಗಾಗಿ ಕಾಯಬೇಕೋ ಬೇಡವೋ ಅನ್ನುವ ಮುಂಚೆ ಇದನ್ನು ಲೆಕ್ಕ ಹಾಕಿಬಿಡಿ.

ನಮ್ಮಲ್ಲಿ ರೇಂಜ್ ಅಳೆಯುವುದು ಲ್ಯಾಬಿನಲ್ಲಿ, ರೋಲರ್ ಮೇಲೆ ಕಾರು ನಿಲ್ಲಿಸಿ. ಸರಾಸರಿ ವೇಗ ಗಂಟೆಗೆ 30 ಕಿ.ಮೀ. ಆಸುಪಾಸು. ಅತಿ ಜಾಸ್ತಿ ಅಂದರೆ 90. ಎ.ಸಿ. ಆಫ್. ಹಾಗೆ ಅಳೆದು 500 ಎಂದು ಬರೆದ, 60 ಯೂನಿಟ್ ಬ್ಯಾಟರಿಯ ಕಾರು ಇದೆ ಅಂದುಕೊಳ್ಳಿ. ಅದರಲ್ಲಿ ನಾಲ್ಕು ಜನ, ಲಗೇಜು, ಎ.ಸಿ. ಹಾಕಿಕೊಂಡು ಗಂಟೆಗೆ ನೂರರ ವೇಗದಲ್ಲಿ ಹೋದರೆ ನೂರು ಕಿ.ಮೀ.ಗೆ 16-17 ಯೂನಿಟ್ ಬೇಕು. ಅಲ್ಲಿಗೆ 500 ಅನ್ನುವುದು 360 ಆಯ್ತು. ಬ್ಯಾಟರಿ ಸೊನ್ನೆಗೆ ಬರುವವರೆಗೆ ಯಾರೂ ಓಡಿಸುವುದಿಲ್ಲ. ಶೇ 15ಕ್ಕೆ ಎದೆ ಹೊಡೆದುಕೊಳ್ಳುತ್ತದೆ. ಈಗ 310. ದಾರಿಯಲ್ಲಿ ಫಾಸ್ಟ್ ಚಾರ್ಜರಿಗೆ ಹಾಕಿದರೆ ಶೇ 80ರ ನಂತರ ಚಾರ್ಜ್ ಆಮೆ ನಡಿಗೆಗೆ ಬರುತ್ತದೆ, ಹಾಗಾಗಿ ಎಲ್ಲರೂ 80ಕ್ಕೆ ಕಿತ್ತು ಹೊರಡುತ್ತಾರೆ. ಎರಡನೇ ಓಟಕ್ಕೆ ಸಿಗುವುದು 240ರ ಒಳಗೇ. ಸಿಂಧನೂರಿನಿಂದ ಬೆಂಗಳೂರು ನಾನೂರು ಕಿ.ಮೀ. ಹತ್ತಿರ. ಅಂದರೆ ಒಂದು ಸಲ ನಿಲ್ಲಲೇಬೇಕು. ಒಗ್ಗರಣಿ-ಮಿರ್ಚಿ ತಿಂದು ಚಹಾ ಕುಡಿಯುವಷ್ಟು ಹೊತ್ತು ಸಾಲದು, ಊಟದ ಹೊತ್ತೇ ಬೇಕು. ಆ ಚಾರ್ಜರ್ ಕೆಟ್ಟಿದ್ದರೆ, ಅಥವಾ ಮುಂದೆ ಇಬ್ಬರು ಕಾಯುತ್ತಿದ್ದರೆ? ಅದಕ್ಕೇ ಬ್ಯಾಟರಿ ಇನ್ನೂ ಶೇ 35 ಇರುವಾಗಲೇ ನಿಲ್ಲಿಸುವ ಅಭ್ಯಾಸ ಒಳ್ಳೆಯದು.

ಊರೊಳಗೆ ಓಡಿಸಿದರೆ ರೇಂಜ್ ಜಾಸ್ತಿ ಬರುತ್ತದೆ ಅನ್ನುತ್ತಾರೆ. ಬೆಂಗಳೂರಿನಲ್ಲಿ ಸರಿ. ಮೇ ತಿಂಗಳ ರಾಯಚೂರಿನಲ್ಲಿ ಅದು ಅರ್ಧ ಸತ್ಯ. 43 ಡಿಗ್ರಿಯಲ್ಲಿ ನಿಂತು ಕಾದ ಕಾರನ್ನು ತಂಪು ಮಾಡಲು ಎ.ಸಿ. ಗಂಟೆಗೆ ಒಂದೂವರೆ ಎರಡು ಯೂನಿಟ್ ತಿನ್ನುತ್ತದೆ. ಸಂತೆ ದಿನ ತೆವಳುತ್ತಾ ಹೋದರೆ ಗಂಟೆಯಲ್ಲಿ ನೀವು ಸಾಗುವುದೇ 25 ಕಿ.ಮೀ. ಅಷ್ಟಕ್ಕೆ ಚಕ್ರ ತಿರುಗಿಸಲು ಮೂರು ಯೂನಿಟ್, ಮೈ ತಂಪಿಗೆ ಎರಡು. ಚಳಿ ದೇಶದವರು ಬ್ಯಾಟರಿ ಮರಗಟ್ಟಿತು ಅಂತ ಅಳುತ್ತಾರೆ, ನಮ್ಮ ಗೋಳು ಇದು.

ಬಿಸಿಲಿನದೇ ಇನ್ನೊಂದು ಆಟ ಇದೆ. ನನ್ನ ಕಾರು ಬಂದ ವರ್ಷ, ಏಪ್ರಿಲ್ ತಿಂಗಳ ಒಂದು ರಾತ್ರಿ ಚಾರ್ಜರ್ ಕೆಂಪು ದೀಪ ಹಾಕಿ ಕೂತುಬಿಟ್ಟಿತು. ಬಿಚ್ಚಿ ಹಾಕಿದೆ, ಮತ್ತೆ ಕೆಂಪು. ಕಂಪನಿಗೆ ಫೋನ್ ಮಾಡಿದರೆ ಹುಬ್ಬಳ್ಳಿಯಿಂದ ಟೆಕ್ನಿಷಿಯನ್ ಗುರುವಾರ ಬರುತ್ತಾರೆ ಅಂದರು. ಅವತ್ತು ಶನಿವಾರ. ನಮ್ಮ ಓಣಿಯ ಎಲೆಕ್ಟ್ರಿಷಿಯನ್ ಬಂದು ಚಾರ್ಜರ್ ಕಡೆ ತಿರುಗಿಯೂ ನೋಡಲಿಲ್ಲ. ಸೀದಾ ಮನೆ ಹಿಂದಿನ ಅರ್ಥಿಂಗ್ ಗುಂಡಿ ಹತ್ತಿರ ಹೋದ. ಮಣ್ಣು ಬೂದಿಯ ಹಾಗೆ ಒಣಗಿತ್ತು. "ಎರಡು ಕೊಡ ನೀರು ಹಾಕ್ರಿ" ಅಂದ. ಹಾಕಿದೆವು. ಮಣ್ಣು ಸುಯ್ ಅಂತ ಕುಡಿಯಿತು. ಹತ್ತು ನಿಮಿಷಕ್ಕೆ ಹಸಿರು ದೀಪ. ಎಲೆಕ್ಟ್ರಿಕ್ ಕಾರಿನ ಚಾರ್ಜರ್ ಅರ್ಥಿಂಗ್ ಸರಿಯಿಲ್ಲದಿದ್ದರೆ ಕರೆಂಟ್ ತಗೊಳ್ಳುವುದೇ ಇಲ್ಲ. ಅದು ನಮ್ಮ ಒಳ್ಳೆಯದಕ್ಕೇ. ಆಮೇಲೆ ಉಪ್ಪು, ಇದ್ದಿಲು ಹಾಕಿಸಿ ಹೊಸ ಗುಂಡಿ ಮಾಡಿಸಿದೆ. ಮೂವತ್ತು ಲಕ್ಷದ ಕಾರು ಎರಡು ಕೊಡ ನೀರಿಗೆ ಕಾಯುತ್ತಿತ್ತು ಅಂತ ಅವನು ಇವತ್ತಿಗೂ ಸಿಕ್ಕವರಿಗೆಲ್ಲ ಹೇಳುತ್ತಾನೆ.

ಅದೇ ಕಾರು ಹೊಸಪೇಟೆ ಹತ್ತಿರ ಒಂದು ಸಲ ಸ್ಕ್ರೀನ್ ಕಪ್ಪಾಗಿ ನಿಂತಾಗ ಮಾತ್ರ ನೀರಿನಿಂದ ಕೆಲಸ ಆಗಲಿಲ್ಲ. ಲಾರಿ ಮೇಲೆ ಹಾಕಿ ಹುಬ್ಬಳ್ಳಿಗೆ ಕಳಿಸಬೇಕಾಯ್ತು. ಸಾಫ್ಟ್‌ವೇರ್ ದೋಷವಂತೆ, ಹನ್ನೊಂದು ದಿನ ಇಟ್ಟುಕೊಂಡರು. ಹೊಸ ಮಾಡೆಲ್ಲಿನ ಮೊದಲ ಲಾಟ್ ತಗೊಂಡವನು ಕಂಪನಿಗೆ ಸಂಬಳವಿಲ್ಲದ ಟೆಸ್ಟ್ ಡ್ರೈವರ್. ಬೆಂಗಳೂರಿನವನಿಗೆ ಇದು ಕಿರಿಕಿರಿ ಅಷ್ಟೆ. ಸರ್ವಿಸ್ ಸೆಂಟರ್ ಇನ್ನೂರು ಕಿ.ಮೀ. ದೂರ ಇರುವ ನಮಗೆ ಇದು ಹನ್ನೊಂದು ದಿನ. ಶಕ್ತಿನಗರದಲ್ಲಿ 1,720 ಮೆಗಾವ್ಯಾಟ್, ಕುಡತಿನಿಯಲ್ಲಿ 1,700 ಮೆಗಾವ್ಯಾಟ್ ವಿದ್ಯುತ್ ಸ್ಥಾವರ ಇಟ್ಟುಕೊಂಡ ಜಿಲ್ಲೆಗಳು ನಮ್ಮವು. ಕರೆಂಟ್ ಇಲ್ಲೇ ಹುಟ್ಟುತ್ತದೆ, ಕಾರು ರಿಪೇರಿಗೆ ಮಾತ್ರ ಬೇರೆ ಊರಿಗೆ ಹೋಗುತ್ತದೆ. ಹಾಗಾಗಿ ನಿಮಗೆ ತಡ ಆಗುತ್ತಿರುವುದು ಒಂದು ಲೆಕ್ಕಕ್ಕೆ ಒಳ್ಳೆಯದೇ. ಆರು ತಿಂಗಳ ನಂತರ ತಯಾರಾದ ಕಾರಿನಲ್ಲಿ ಮೊದಲ ಲಾಟಿನ ಗಂಟುಗಳು ಎಷ್ಟೋ ಬಿಚ್ಚಿರುತ್ತವೆ.

ಈಗ ದುಡ್ಡಿನ ವಿಷಯ. ಬುಕಿಂಗ್ ಕೊಟ್ಟಿರುವವರೆಗೆ ನೀವು ಗಿರಾಕಿ. ಪೂರ್ತಿ ಕಟ್ಟಿದ ಮರುದಿನದಿಂದ ಅರ್ಜಿದಾರ. ಸಾಲ ಮಾಡಿ ಕಟ್ಟಿದರೆ ಕಾರು ಬರುವ ಮುಂಚೆ ಕಂತು ಶುರು. "ಪೂರ್ತಿ ಕಟ್ಟಿದರೆ ಮೊದಲು ನಿಮಗೆ" ಅನ್ನುವ ಮಾತನ್ನು ಇಮೇಲಿನಲ್ಲಿ ಬರೆದು ಕೊಡಿ ಅನ್ನಿ. ಹೆಚ್ಚಿನವರು ಕೊಡುವುದಿಲ್ಲ. ಅಲ್ಲಿಗೆ ಆ ಮಾತಿನ ಬೆಲೆ ಗೊತ್ತಾಯ್ತು.

ಷೋರೂಮಿಗೂ ಕಂಪನಿಗೂ ಒಂದೇ ಇಮೇಲ್ ಹಾಕಿ. ಬುಕಿಂಗ್ ನಂಬರು, ಕಟ್ಟಿದ ದಿನ, ಅವರು ಹೇಳಿದ ಮೂರೂ ಡೆಲಿವರಿ ದಿನ, ಆವಾಗಿನ ಬೆಲೆ, ಈಗಿನ ಬೆಲೆ ಬರೆಯಿರಿ. ಇಂಥ ದಿನದೊಳಗೆ ಚಾಸಿ ನಂಬರು ಮತ್ತು ಪೂರ್ತಿ ಆನ್-ರೋಡ್ ಲೆಕ್ಕ ಕೊಡಿ, ಇಲ್ಲದಿದ್ದರೆ 51,000 ವಾಪಸ್ ಹಾಕಿ ಅನ್ನಿ. ಮೂವತ್ತು ದಿನ ಕೊಟ್ಟರೆ ಸಾಕು. ಫೋನಿನಲ್ಲಿ ಜಗಳ ಆಡಬೇಡಿ, ಅದಕ್ಕೆ ಸಾಕ್ಷಿ ಇರುವುದಿಲ್ಲ.

ಉತ್ತರ ಬರಲಿಲ್ಲ ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಕನ್ನಡದಲ್ಲೇ ಮಾತಾಡಬಹುದು. ಸುಮ್ನೆ ಫೋನ್ ಮಾಡಿದರೆ ಏನಾಗುತ್ತೆ ಅನ್ನಬೇಡಿ. ಓಲಾ ಎಲೆಕ್ಟ್ರಿಕ್ ಮೇಲೆ ಒಂದು ವರ್ಷದಲ್ಲಿ ಆ ಸಹಾಯವಾಣಿಗೆ 10,644 ದೂರು ಬಂದವು. ಅದರ ಮೇಲೇ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2024ರ ಅಕ್ಟೋಬರ್‌ನಲ್ಲಿ ನೋಟಿಸ್ ಕೊಟ್ಟಿತು. ಬಹುತೇಕ ಎಲ್ಲವನ್ನೂ ಬಗೆಹರಿಸಿದ್ದೇವೆ ಅಂತ ಕಂಪನಿ ಉತ್ತರ ಕೊಟ್ಟಿತು. ಉತ್ತರ ಕೊಡಬೇಕಾಗಿ ಬಂತಲ್ಲ, ಅದು ಮುಖ್ಯ.

ಅದೂ ಆಗದಿದ್ದರೆ ರಾಯಚೂರಿನ ಜಿಲ್ಲಾ ಗ್ರಾಹಕ ಆಯೋಗ. ಷೋರೂಮ್ ಹುಬ್ಬಳ್ಳಿಯಲ್ಲಿರಲಿ, ಕಂಪನಿ ಪುಣೆಯಲ್ಲಿರಲಿ, 2019ರ ಕಾಯ್ದೆ ಪ್ರಕಾರ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ವಕೀಲರು ಕಡ್ಡಾಯ ಅಲ್ಲ, ಆನ್‌ಲೈನಿನಲ್ಲೂ ಸಲ್ಲಿಸಬಹುದು. ತಕರಾರು ಹುಟ್ಟಿದ ಎರಡು ವರ್ಷದೊಳಗೆ ಆಗಬೇಕು. ಶುಲ್ಕ ನೀವು ಕೊಟ್ಟ ಹಣದ ಮೇಲೆ. ಐದು ಲಕ್ಷದವರೆಗೆ ಏನೂ ಇಲ್ಲ, ಹಾಗಾಗಿ ನಿಮಗೆ ಸೊನ್ನೆ. ಮೂವತ್ತು ಲಕ್ಷ ಕಟ್ಟಿದ್ದರೂ ಬರೀ 1,000 ರೂಪಾಯಿ. ಮೂರು ತಿಂಗಳಲ್ಲಿ ತೀರ್ಮಾನ ಆಗಬೇಕು ಅಂತ ಕಾಯ್ದೆಯಲ್ಲಿದೆ. ಅದನ್ನು ಮಾತ್ರ ಕಾರಿನ ರೇಂಜ್ ಇದ್ದ ಹಾಗೆ ಓದಿಕೊಳ್ಳಿ.

ಇನ್ನು ಆ ಗೋಡೆಯ ಚಾರ್ಜರ್. ಬಿಚ್ಚಿಸಬೇಡಿ. ಫೋಟೋದಲ್ಲಿ ಕಾಣುವ ಪ್ಲಗ್ ಟೈಪ್ 2. ನಮ್ಮಲ್ಲಿ ಈಗ ಮಾರುವ ಬೇರೆ ಕಂಪನಿಗಳ ಎಲೆಕ್ಟ್ರಿಕ್ ಕಾರುಗಳಲ್ಲೂ ಹೆಚ್ಚಿನವಕ್ಕೆ ಅದೇ ಹೊಂದುತ್ತದೆ. ನಾಳೆ ಮನಸ್ಸು ಬದಲಾಯಿಸಿ ಇನ್ನೊಂದು ಕಾರು ತಂದರೂ ಕೆಲಸಕ್ಕೆ ಬರುತ್ತದೆ. ಅಷ್ಟರಲ್ಲಿ ಮೀಟರಿನ ಮಂಜೂರಾದ ಲೋಡು ಎಷ್ಟಿದೆ ಅಂತ ಜೆಸ್ಕಾಂ ಕರೆಂಟ್ ಬಿಲ್ಲಿನಲ್ಲಿ ನೋಡಿ, ಏಳು ಕಿಲೋವ್ಯಾಟ್ ಚಾರ್ಜರಿಗೆ ಅದು ಸಾಲದಿದ್ದರೆ ಅರ್ಜಿ ಹಾಕಿ. ಅರ್ಥಿಂಗ್ ಗುಂಡಿಗೆ ವಾರಕ್ಕೊಂದು ಕೊಡ ನೀರು ಹಾಕುತ್ತಿರಿ. ಅಕ್ಕಿ ಚೀಲ ಇರಲಿ, ಕೆಳಗೆ ಗಾಳಿಗೆ ಸ್ವಲ್ಪ ಜಾಗ ಬಿಟ್ಟು ಕಟ್ಟಿ.