‘ಜಾಯಿಂಟ್ ಸೆಕ್ಯುರಿಟಿ ಏರಿಯಾ’: ಮೂರು ಹೇಳಿಕೆ, ಒಂದು ಕಾವಲು ಕೋಣೆ

ಪಾರ್ಕ್ ಚಾನ್-ವುಕ್ ನಿರ್ದೇಶನದ ಈ ಕೊರಿಯನ್ ಚಿತ್ರ ತೆರೆಕಂಡದ್ದು 2000ದ ಸೆಪ್ಟೆಂಬರ್‌ನಲ್ಲಿ. ಅದೇ ವರ್ಷ ಜೂನ್‌ನಲ್ಲಿ ಎರಡೂ ಕೊರಿಯಾಗಳ ನಾಯಕರು ಮೊದಲ ಸಲ ಎದುರಾಬದುರು ಕೂತು ಮಾತಾಡಿದ್ದರು. ಗಡಿಯ ಉತ್ತರದ ಕಾವಲು ಕೋಣೆಯಲ್ಲಿ ನಡೆದ ಇಬ್ಬರ ಕೊಲೆ, ಅದರ ತನಿಖೆ, ಅದರ ಹಿಂದಿನ ಗುಟ್ಟಿನ ಗೆಳೆತನ ಇದರ ಕಥೆ. ಈ ಟಿಪ್ಪಣಿಯಲ್ಲಿ ಕೊನೆಯ ಗುಟ್ಟೂ ಇದೆ. ಚಿತ್ರ ನೋಡದವರು ಮೊದಲು ನೋಡಿ ಬನ್ನಿ.

ಜಾಗ

ಕೊರಿಯನ್ ಯುದ್ಧದಲ್ಲಿ 1953ರ ಜುಲೈ 27ರಂದು ಆದ ಕದನವಿರಾಮದಿಂದ ಗಡಿರೇಖೆಯ ಎರಡೂ ಬದಿಗೆ 2 ಕಿ.ಮೀ.ನಂತೆ ಒಟ್ಟು 4 ಕಿ.ಮೀ. ಅಗಲದ ಸೇನಾಮುಕ್ತ ವಲಯ ಬಂತು. ಅದರೊಳಗೆ ಪನ್ಮುಂಜೊಮ್‌ನಲ್ಲಿರುವ, ಸುಮಾರು 800 ಮೀಟರ್ ಅಗಲದ ಸಣ್ಣ ಜಾಗವೇ ಜಂಟಿ ಭದ್ರತಾ ಪ್ರದೇಶ. ಮೊದಲೆಲ್ಲ ಇದರೊಳಗೆ ಎರಡೂ ಕಡೆಯ ಕಾವಲುಗಾರರು ಅಡ್ಡಾಡಬಹುದಿತ್ತು. 1976ರ ಆಗಸ್ಟ್ 18ರಂದು ಮರವೊಂದರ ಕೊಂಬೆ ಸವರಿಸಲು ಹೋದ ಇಬ್ಬರು ಅಮೆರಿಕನ್ ಅಧಿಕಾರಿಗಳನ್ನು ಉತ್ತರದ ಸೈನಿಕರು ಕೊಂದ ಮೇಲಷ್ಟೇ ಒಳಗೂ ಗೆರೆ ಬಿತ್ತು. ಚಿತ್ರದಲ್ಲಿ ದಕ್ಷಿಣದ ಇಬ್ಬರು ಸೈನಿಕರು ದಾಟುವುದು ಈ ಗೆರೆಯನ್ನು. ಒಂದು ಕಾಲಕ್ಕೆ ಮಾಮೂಲಾಗಿದ್ದ ಓಡಾಟವೇ ಇಲ್ಲಿ ಮರಣದಂಡನೆಗೆ ಸಮನಾದ ಅಪರಾಧವಾಗಿದೆ ಎಂಬುದನ್ನು ತಲೆಯಲ್ಲಿಟ್ಟುಕೊಂಡು ನೋಡಿ. ಅಂದಹಾಗೆ ಪನ್ಮುಂಜೊಮ್‌ನಲ್ಲಿ ಚಿತ್ರೀಕರಣಕ್ಕೆ ಅವಕಾಶವಿರಲಿಲ್ಲ. ತೆರೆಯ ಮೇಲಿರುವುದು ನಾಮ್ಯಾಂಗ್‌ಜುವಿನಲ್ಲಿ ಕಟ್ಟಿದ ಸೆಟ್.

ಗೆಳೆತನ

ನೆಲಬಾಂಬಿನ ಮೇಲೆ ಕಾಲಿಟ್ಟು ಅಲುಗಾಡಲಾರದೆ ನಿಂತ ದಕ್ಷಿಣದ ಸೂ-ಹ್ಯೊಕ್‌ನನ್ನು (ಲೀ ಬ್ಯುಂಗ್-ಹನ್) ಉತ್ತರದ ಕ್ಯೊಂಗ್-ಪಿಲ್ (ಸಾಂಗ್ ಕಾಂಗ್-ಹೋ) ಉಳಿಸುತ್ತಾನೆ. ಆಮೇಲೆ ಚೀಟಿಗಳ ಎಸೆದಾಟ, ಸೇತುವೆ ದಾಟುವ ರಾತ್ರಿಗಳು, ನಮ್ಮ ಕಲ್ಲಾಟದಂಥದ್ದೇ ಆದ ಗೋಂಗಿ ಆಟ. ದಕ್ಷಿಣದ ಸುಂಗ್-ಶಿಕ್, ಉತ್ತರದ ವೂ-ಜಿನ್ ಕೂಡ ಸೇರಿ ಗೆಳೆಯರು ನಾಲ್ವರಾಗುತ್ತಾರೆ. ಇಷ್ಟರಲ್ಲಿ ಬಿಡದೆ ಗಮನಿಸಬೇಕಾದದ್ದು ಚೋಕೊ ಪೈ (ದಕ್ಷಿಣದ ಚಾಕೊಲೇಟ್ ತಿಂಡಿ) ದೃಶ್ಯ. ದಕ್ಷಿಣಕ್ಕೆ ಬಂದುಬಿಡುತ್ತೀಯಾ ಎಂದು ಸೂ-ಹ್ಯೊಕ್ ಕೇಳಿದೊಡನೆ ಕ್ಯೊಂಗ್-ಪಿಲ್ ಬಾಯಿತುಂಬ ಇದ್ದದ್ದನ್ನು ಕೈಗೆ ಉಗುಳಿಕೊಳ್ಳುತ್ತಾನೆ. ನಮ್ಮ ದೇಶವೇ ಒಂದು ದಿನ ಇದಕ್ಕಿಂತ ಒಳ್ಳೆಯ ತಿಂಡಿ ಮಾಡಬೇಕು, ಅದೇ ನನ್ನ ಕನಸು ಅನ್ನುತ್ತಾನೆ. ಅಲ್ಲಿಯವರೆಗೆ ಇದೇ ಗತಿ ಎಂದು ಅದನ್ನೇ ಮತ್ತೆ ಬಾಯಿಗೆ ಹಾಕಿಕೊಳ್ಳುತ್ತಾನೆ. ನಿಷ್ಠೆಯನ್ನೂ ಬಿಡಲಿಲ್ಲ, ಗೆಳೆಯನನ್ನೂ ಬಿಡಲಿಲ್ಲ. ಕೊನೆಯಲ್ಲಿ ಅವನು ನಡೆದುಕೊಳ್ಳುವ ರೀತಿಯೆಲ್ಲ ಈ ಒಂದು ತುತ್ತಿನಲ್ಲಿದೆ.

ಎಡವುವ ಜಾಗ: ಹೇಳಿಕೆಗಳು

ಉತ್ತರದ ಕಾವಲು ಕೋಣೆಯಲ್ಲಿ ಇಬ್ಬರ ಹೆಣ ಬಿದ್ದಿದೆ: ಒಬ್ಬ ಮೇಲಧಿಕಾರಿ, ಇನ್ನೊಬ್ಬ ಎಳೆಯ ಸೈನಿಕ ವೂ-ಜಿನ್. ದಕ್ಷಿಣದ ಹೇಳಿಕೆ: ಸೂ-ಹ್ಯೊಕ್‌ನನ್ನು ಅಪಹರಿಸಿದ್ದರು, ಅವನು ಗುಂಡು ಹಾರಿಸಿ ತಪ್ಪಿಸಿಕೊಂಡ. ಉತ್ತರದ್ದು: ಅವನೇ ನುಗ್ಗಿ ಕೊಂದ. ಎರಡೂ ಸುಳ್ಳು ಎಂಬುದು ಬೇಗ ಗೊತ್ತಾಗುತ್ತದೆ. ಗುಂಡುಗಳ ಲೆಕ್ಕ ತಾಳೆಯಾಗುವುದಿಲ್ಲ, ಜೊತೆಗೆ ವೂ-ಜಿನ್‌ಗೆ 8 ಗುಂಡು ಬಿದ್ದಿವೆ. ತಪ್ಪಿಸಿಕೊಂಡು ಓಡುವವನು ಒಬ್ಬನಿಗೇ ಅಷ್ಟು ಹೊಡೆಯುವುದಿಲ್ಲ.

ನಡುಭಾಗದ ಹಿನ್ನೋಟದಲ್ಲಿ ಮೂರನೆಯ ಕಥೆ ಬರುತ್ತದೆ. ಅಧಿಕಾರಿ ಒಳಗೆ ಬಂದು ನಾಲ್ವರನ್ನೂ ಕಾಣುತ್ತಾನೆ, ಬಂದೂಕುಗಳು ಎದ್ದು ನಿಲ್ಲುತ್ತವೆ. ಕ್ಯೊಂಗ್-ಪಿಲ್ ಎಲ್ಲರನ್ನೂ ಸಮಾಧಾನ ಮಾಡುವ ಹೊತ್ತಿಗೆ ದಕ್ಷಿಣದ ಎರಡನೆಯವನು ಸುಂಗ್-ಶಿಕ್ ಗಾಬರಿಬಿದ್ದು ಗುಂಡು ಹಾರಿಸುತ್ತಾನೆ. ಬಹಳ ಜನ ಇಲ್ಲಿಗೇ ಪೆನ್ನು ಕೆಳಗಿಡುತ್ತಾರೆ: ಹಿನ್ನೋಟದಲ್ಲಿ ಕಂಡದ್ದು ನಿಜ, ವೂ-ಜಿನ್‌ನ ಸಾವಿಗೂ ಸುಂಗ್-ಶಿಕ್ ಒಬ್ಬನೇ ಕಾರಣ ಎಂದು. ಹಾಗಲ್ಲ. ಕೊನೆಯಲ್ಲಿ ತನಿಖಾಧಿಕಾರಿ ಸೋಫಿ (ಲೀ ಯಂಗ್-ಏ) ಒಂದು ಮಾತು ಹೇಳುತ್ತಾಳೆ: ಕ್ಯೊಂಗ್-ಪಿಲ್ ಪ್ರಕಾರ ವೂ-ಜಿನ್‌ಗೆ ಮೊದಲು ಹೊಡೆದದ್ದು ಸೂ-ಹ್ಯೊಕ್. ಅಂದರೆ ಹಿನ್ನೋಟವೂ ಒಂದು ಹೇಳಿಕೆಯೇ. ಸೂ-ಹ್ಯೊಕ್ ಬೇಕೆಂದು ಸುಳ್ಳು ಹೇಳಿದ ಅನ್ನುವುದಕ್ಕಿಂತ, ನೆನಪೇ ಅವನನ್ನು ಕಾಪಾಡುತ್ತಿತ್ತು ಅನ್ನುವುದು ಚಿತ್ರಕ್ಕೆ ಹೆಚ್ಚು ಹೊಂದುತ್ತದೆ. ಆ ಕಾಪು ಕಳಚಿದ ಮೇಲೆ ಅವನು ಪ್ರಾಣ ಕಳೆದುಕೊಳ್ಳುತ್ತಾನೆ.

ಗೊಂದಲ ಕಳೆಯಲು ಹಾಳೆಯ ಮೇಲೆ ಐದು ಕಂಬಸಾಲು ಎಳೆಯಿರಿ, ಕೋಣೆಯಲ್ಲಿದ್ದ ಒಬ್ಬೊಬ್ಬರಿಗೆ ಒಂದೊಂದು. ಅಡ್ಡಸಾಲು ನಾಲ್ಕು: ದಕ್ಷಿಣ, ಉತ್ತರ, ಹಿನ್ನೋಟ, ಸೋಫಿಯ ಮಾತು. ಪ್ರತಿ ಮನೆಯಲ್ಲೂ ‘ಯಾರಿಗೆ ಹೊಡೆದ’ ಮತ್ತು ‘ಈ ಹೇಳಿಕೆಯಿಂದ ಯಾರು ಉಳಿಯುತ್ತಾರೆ’ ಎಂದು ಬರೆಯಿರಿ. ಎರಡನೆಯ ಪ್ರಶ್ನೆ ಮುಖ್ಯ. ಅದಿಲ್ಲದಿದ್ದರೆ ಮುಖಾಮುಖಿ ವಿಚಾರಣೆಯಲ್ಲಿ ಕ್ಯೊಂಗ್-ಪಿಲ್ ಇದ್ದಕ್ಕಿದ್ದಂತೆ ರೊಚ್ಚಿಗೇಳುವುದು ನಿಜವಾದ ದ್ವೇಷದಂತೆ ಕಾಣುತ್ತದೆ. ಸೂ-ಹ್ಯೊಕ್ ಬಾಯಿಬಿಡುವ ಅಂಚಿನಲ್ಲಿದ್ದಾನೆ, ಅವನನ್ನು ತಡೆಯಲು ಇವನು ಹಾಗೆ ಮಾಡುತ್ತಾನೆ.

ಸೋಫಿಯ ತಂದೆ ಮತ್ತು ಕೊಡಗಿನ ತಿಮ್ಮಯ್ಯ

ಸೋಫಿ, ಕದನವಿರಾಮದ ಪಾಲನೆ ನೋಡಿಕೊಳ್ಳುವ ತಟಸ್ಥ ರಾಷ್ಟ್ರಗಳ ಮೇಲ್ವಿಚಾರಣಾ ಆಯೋಗದ ಸ್ವಿಸ್ ಅಧಿಕಾರಿ. ಆ ಆಯೋಗದಲ್ಲಿ ಭಾರತ ಇರಲಿಲ್ಲ. ಭಾರತ ಇದ್ದದ್ದು ಯುದ್ಧಕೈದಿಗಳನ್ನು ಮರಳಿಸುವ ಇನ್ನೊಂದು ತಟಸ್ಥ ಆಯೋಗದಲ್ಲಿ, ಅದರ ಅಧ್ಯಕ್ಷರು ಕೊಡಗಿನ ಕೆ.ಎಸ್. ತಿಮ್ಮಯ್ಯ. ಇವೆರಡನ್ನು ಬೆರೆಸಬೇಡಿ. ಚಿತ್ರದಲ್ಲಿ ಸೋಫಿಯ ತಂದೆ ಉತ್ತರದ ಸೈನ್ಯದವನಾಗಿದ್ದು, ಸೆರೆಸಿಕ್ಕ ಮೇಲೆ ಎರಡೂ ಕೊರಿಯಾ ಬೇಡವೆಂದು ಮೂರನೆಯ ದೇಶ ಆರಿಸಿಕೊಂಡವನು. ಆ ಸಂಗತಿ ಹೊರಬಿದ್ದದ್ದೇ ಅವಳನ್ನು ತನಿಖೆಯಿಂದ ತೆಗೆಯಲು ನೆಪವಾಗುತ್ತದೆ. ಇತಿಹಾಸದಲ್ಲಿ ಹೀಗೆ ಆರಿಸಿಕೊಂಡ ಕೊರಿಯನ್ನರು 76 ಮಂದಿ. ಚೀನಾದ 12 ಕೈದಿಗಳೂ ಸೇರಿ 88 ಜನರನ್ನು 1954ರ ಫೆಬ್ರುವರಿಯಲ್ಲಿ ಹಡಗಿನಲ್ಲಿ ಭಾರತಕ್ಕೆ ಕರೆತಂದರು. ಕೆಲವರು ಇಲ್ಲೇ ಉಳಿದರು, ಹಲವರು ಮುಂದೆ ಬ್ರೆಜಿಲ್, ಅರ್ಜೆಂಟೀನಾಗಳಿಗೆ ಹೋದರು.