ಸಮುದ್ರ ಕೆಳಗೆ, ಘಟ್ಟ ಮೇಲೆ: ನಕ್ಷೆಗೊಂದು ಐಡಿಯಾ ಹುಡುಕುವ ಬಗೆ

ನಕ್ಷೆ ವಿನ್ಯಾಸ ಕಲಿಯಲು ಬರುವ ಹುಡುಗ ಹುಡುಗಿಯರು ಮೊದಲು ತೋರಿಸುವುದು ಮೊಬೈಲಿನಲ್ಲಿ ಕೂಡಿಟ್ಟ ಚಿತ್ರಗಳನ್ನು. ಪಿಂಟರೆಸ್ಟ್‌ನಲ್ಲಿ ಸಿಕ್ಕಿದ್ದೇ ಜಾಸ್ತಿ. ಹಳೇ ಕಾಗದದ ಬಣ್ಣ, ಮೂಲೆಯಲ್ಲೊಂದು ದಿಕ್ಸೂಚಿ, ನೀರಿನಲ್ಲೊಂದು ಹಾಯಿ ಹಡಗು. ಚಂದವೇ ಇರುತ್ತವೆ. ಆದರೆ ಆ ಶೈಲಿಯಲ್ಲಿ ಕುಮಟಾದ ನಕ್ಷೆ ಬರೆದು, ಹೆಸರು ಅಳಿಸಿ ಬೇರೆ ಊರಿನ ಹೆಸರು ಹಾಕಿದರೂ ಯಾರಿಗೂ ಗೊತ್ತಾಗುವುದಿಲ್ಲ. ನಾನು ಅವರಿಗೆ ಹೇಳುವುದು ಇಷ್ಟೇ: ಚಿತ್ರ ಹುಡುಕುವ ಮೊದಲು ಪ್ರಶ್ನೆ ಹುಡುಕಿ. ಈ ನಕ್ಷೆಯನ್ನು ಯಾರು ನೋಡುತ್ತಾರೆ? ಎಲ್ಲಿ ನಿಂತು ನೋಡುತ್ತಾರೆ? ನೋಡಿ ಏನು ತಿಳಿಯಬೇಕು? ಈ ಮೂರಕ್ಕೆ ಉತ್ತರ ಇಲ್ಲದಿದ್ದರೆ ಎಷ್ಟು ಚಿತ್ರ ಕೂಡಿಟ್ಟರೂ ಕೆಲಸಕ್ಕೆ ಬರುವುದಿಲ್ಲ.

ಒಂದು ಉದಾಹರಣೆ ಹಿಡಿದುಕೊಂಡೇ ಮಾತಾಡೋಣ. ಶಾಲೆಯ ಗೋಡೆಗೆ ಉತ್ತರ ಕನ್ನಡದ ಹೊಳೆಗಳ ನಕ್ಷೆ ಬೇಕು ಅಂತಿಟ್ಟುಕೊಳ್ಳಿ.

ಮೊದಲ ಹುಡುಕಾಟ ಜನರ ಮಾತಿನಲ್ಲಿ. ನಮ್ಮ ಜಿಲ್ಲೆಯಲ್ಲಿ ಯಾರೂ ಉತ್ತರ, ದಕ್ಷಿಣ ಅಂತ ದಾರಿ ಹೇಳುವುದಿಲ್ಲ, ಅಲ್ವಾ? ಘಟ್ಟದ ಮೇಲೆ, ಘಟ್ಟದ ಕೆಳಗೆ ಅನ್ನುತ್ತಾರೆ. ಶಿರಸಿಯವರು ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಹೋಗುತ್ತಾರೆ. ಯಲ್ಲಾಪುರದವರು ಅರಬೈಲ್ ಘಟ್ಟ ಇಳಿದು ಅಂಕೋಲೆಗೆ ಬರುತ್ತಾರೆ. ಮದುವೆ ಸಂಬಂಧ, ಊಟದ ರುಚಿ, ಮಳೆಯ ಮಾತು ಎಲ್ಲಕ್ಕೂ ಇದೇ ಮೇಲೆ ಕೆಳಗಿನ ಲೆಕ್ಕ. ಹಾಗಾದರೆ ನಕ್ಷೆಯೂ ಹಾಗೇ ಯಾಕಿರಬಾರದು? ಪೂರ್ವವನ್ನು ಹಾಳೆಯ ಮೇಲಕ್ಕೆ ತಿರುಗಿಸಿ. ಸಮುದ್ರ ಕೆಳಗಿನ ಅಂಚಿಗೆ ಬರುತ್ತದೆ. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳ ಎಡದಿಂದ ಬಲಕ್ಕೆ, ಓದುವ ಸಾಲಿನ ಹಾಗೆ ಕೂರುತ್ತವೆ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ನಾಲ್ಕೂ ಮೇಲಿಂದ ಕೆಳಕ್ಕೆ ಇಳಿಯುತ್ತವೆ. ಮಗುವಿಗೆ ಹೊಳೆ ಘಟ್ಟ ಇಳಿಯುವುದು ನೋಡಿದ ಕೂಡಲೇ ತಿಳಿಯುತ್ತದೆ. ಉದ್ದ ಕರಾವಳಿ ಅಡ್ಡಡ್ಡ ಮಲಗುವುದರಿಂದ ಶಾಲೆಯ ಅಗಲ ಗೋಡೆಗೂ ಸರಿಹೊಂದುತ್ತದೆ.

ಉತ್ತರ ಮೇಲಿರಬೇಕೆಂಬುದು ಬರೀ ರೂಢಿ. 1154ರಲ್ಲಿ ಅರಬ್ ಭೂಗೋಳಜ್ಞ ಅಲ್ ಇದ್ರಿಸಿ ಮಾಡಿದ ಜಗತ್ತಿನ ನಕ್ಷೆಯಲ್ಲಿ ದಕ್ಷಿಣ ಮೇಲಿತ್ತು. ಯುರೋಪಿನ ಎಷ್ಟೋ ಹಳೆಯ ನಕ್ಷೆಗಳಲ್ಲಿ ಪೂರ್ವವೇ ಮೇಲೆ. ಆದರೆ ಇವತ್ತಿನ ಮಕ್ಕಳ ಕಣ್ಣು ಮೊಬೈಲ್ ನಕ್ಷೆಗೆ ಒಗ್ಗಿದೆ. ಹಾಗಾಗಿ ಉತ್ತರದ ಬಾಣವನ್ನು ಎಡಕ್ಕೆ ದೊಡ್ಡದಾಗಿ ಹಾಕಿ. ಅದನ್ನು ಅಲಂಕಾರದ ಮೂಲೆಯಲ್ಲಿ ಅಡಗಿಸಬೇಡಿ.

ಎರಡನೆಯದು ಅಳತೆಯ ನಕ್ಷೆ. ಕಲ್ಪನೆ ಎಷ್ಟೇ ಇರಲಿ, ಅಡಿಪಾಯ ಗಟ್ಟಿ ಬೇಕು. 1767ರಲ್ಲಿ ಶುರುವಾದ ಸರ್ವೆ ಆಫ್ ಇಂಡಿಯಾದ ಟೋಪೋಶೀಟ್‌ಗಳನ್ನು, ಅಂದರೆ ನೆಲದ ಏರಿಳಿತ ತೋರಿಸುವ ನಕ್ಷೆ ಹಾಳೆಗಳನ್ನು, ನೋಡಿ. 1:50,000 ಅಳತೆಯ ಹಾಳೆಯಲ್ಲಿ 2 ಸೆಂಟಿಮೀಟರ್ ಅಂದರೆ ನೆಲದ ಮೇಲೆ 1 ಕಿಲೋಮೀಟರ್. ಎತ್ತರ ತೋರಿಸುವ ಕಾಂಟೂರ್ ರೇಖೆಗಳ ಮೇಲೆ ಸುಮ್ನೆ ಬಣ್ಣದ ಪೆನ್ಸಿಲ್ ಆಡಿಸಿ. ಘಟ್ಟ ಬಂದಲ್ಲಿ ರೇಖೆಗಳು ಒತ್ತೊತ್ತಾಗಿ ಸೇರುತ್ತವೆ, ಹೊಳೆ ಬಾಯಿಯ ಬಳಿ ಒಂದೂ ಕಾಣದಷ್ಟು ಬಿಡುವಾಗುತ್ತವೆ. ಈ ಒತ್ತು, ಬಿಡುವೇ ನಿಮ್ಮ ಚಿತ್ರದ ಲಯ. ಎಲ್ಲಿ ತುಂಬಬೇಕು, ಎಲ್ಲಿ ಖಾಲಿ ಬಿಡಬೇಕು ಎಂಬುದನ್ನು ನೆಲವೇ ಹೇಳುತ್ತದೆ. ಉಪಗ್ರಹ ಚಿತ್ರಕ್ಕೆ ಇಸ್ರೋದ ಭುವನ್ ಇದೆ. ರಸ್ತೆ, ಹೊಳೆಗಳ ಗೆರೆಗೆ ಜನರೇ ಸೇರಿ ಕಟ್ಟಿದ ಓಪನ್‌ಸ್ಟ್ರೀಟ್‌ಮ್ಯಾಪ್ ಇದೆ. ಇವನ್ನೆಲ್ಲ ಒಂದರ ಮೇಲೊಂದು ಕೂರಿಸಲು ಕ್ಯೂಜಿಐಎಸ್ ಎಂಬ ಉಚಿತ ತಂತ್ರಾಂಶ ಸಾಕು. ಓಪನ್‌ಸ್ಟ್ರೀಟ್‌ಮ್ಯಾಪ್ ಬಳಸಿದರೆ ಅದರ ಹೆಸರನ್ನು ನಕ್ಷೆಯ ಮೇಲೆ ಬರೆಯಲೇಬೇಕು.

ಹಳೆಯ ನಕ್ಷೆ ಹುಡುಕುವವರಿಗೆ ಒಂದು ಮಾತು. 1862ರಲ್ಲಿ ನಮ್ಮ ಜಿಲ್ಲೆ ಬಾಂಬೆ ಪ್ರೆಸಿಡೆನ್ಸಿಗೆ ಸೇರಿತ್ತು. ಕರ್ನಾಟಕದ ಜೊತೆ ಬಂದದ್ದು 1956ರಲ್ಲಿ. ಹಾಗಾಗಿ ಮೈಸೂರಿನ ದಾಖಲೆಗಳಲ್ಲಿ ತಡಕಾಡಿದರೆ ಅಷ್ಟಾಗಿ ಸಿಗುವುದಿಲ್ಲ. ಬಾಂಬೆ ಗೆಝೆಟಿಯರ್‌ನ ಕೆನರಾ ಸಂಪುಟ 1883ರದ್ದು. ಬಂದರು, ಘಟ್ಟದ ದಾರಿ, ಸಂತೆ, ಬೆಳೆ ಎಲ್ಲದರ ವಿವರ ಅದರಲ್ಲಿದೆ. ಇನ್ನೂ ಹಿಂದಿನ ನಕ್ಷೆಗಳಲ್ಲಿ ಹೊನ್ನಾವರ ಓನೋರ್ ಆಗಿರುತ್ತದೆ. ಹುಡುಕುವಾಗ ಆ ಹೆಸರನ್ನೂ ಹಾಕಿ ನೋಡಿ.

ಇನ್ನು ನನಗೆ ಬಹಳ ಇಷ್ಟದ ವಿಷಯಕ್ಕೆ ಬರುತ್ತೇನೆ. ಒಂದೊಂದು ಹೊಳೆಯನ್ನೂ ಬೇರೆ ಬೇರೆಯಾಗಿ ಓದಬೇಕು. ನಾಲ್ಕಕ್ಕೂ ಒಂದೇ ನೀಲಿ ಗೆರೆ ಎಳೆದರೆ ಆ ನಕ್ಷೆ ಏನೂ ಹೇಳುವುದಿಲ್ಲ. ಕಾಳಿಯ ಮೇಲೆ ಸೂಪಾ, ಕೊಡಸಳ್ಳಿ, ಕದ್ರಾ ಅಣೆಕಟ್ಟುಗಳಿವೆ. ಅದು ನಿಂತು ನಿಂತು ಇಳಿಯುವ ಹೊಳೆ. ಶರಾವತಿಗೆ ಲಿಂಗನಮಕ್ಕಿ, ಗೇರುಸೊಪ್ಪ. ಶಿರಸಿಯ ಶಂಕರಹೊಂಡದಲ್ಲಿ ಹುಟ್ಟುವ ಅಘನಾಶಿನಿಗೆ ದೊಡ್ಡ ಅಣೆಕಟ್ಟೇ ಇಲ್ಲ. ಉಂಚಳ್ಳಿಯಲ್ಲಿ ಧುಮುಕಿ, ಮಿರ್ಜಾನ್ ಕೋಟೆಯ ಬದಿಯಿಂದ ಹಾದು, ಸಮುದ್ರ ಸೇರುವ ತದಡಿಯ ಅಳಿವೆಯವರೆಗೂ ತಡೆಯಿಲ್ಲದೆ ಹರಿಯುತ್ತದೆ. ಈ ಬೇರೆತನವನ್ನು ಗೆರೆಯಲ್ಲೇ ತೋರಿಸಬಹುದು. ಅಣೆಕಟ್ಟಿರುವಲ್ಲಿ ಗೆರೆ ತುಂಡಾಗಲಿ, ಹಿನ್ನೀರಿರುವಲ್ಲಿ ಹರಡಲಿ, ಅಘನಾಶಿನಿಯನ್ನು ಪೆನ್ನು ಎತ್ತದೆ ಒಂದೇ ಎಳೆಯಲ್ಲಿ ಬರೆಯಿರಿ.

ಅಳಿವೆಗೆ ಬಂದರೆ ಮತ್ತೊಂದು ಪ್ರಶ್ನೆ. ಅಳಿವೆ ಬದಿಯ ತಗ್ಗು ನೆಲವನ್ನು, ಅಂದರೆ ಗಜನಿಯನ್ನು, ಯಾವ ಬಣ್ಣದಲ್ಲಿ ತೋರಿಸುವುದು? ಮಳೆಗಾಲದಲ್ಲಿ ಹೊಳೆನೀರು ಸಿಹಿಯಾದಾಗ ಅದು ಗದ್ದೆ. ಉಪ್ಪು ತಡೆಯುವ ಕಗ್ಗ ಭತ್ತ ಬೆಳೆಯುತ್ತದೆ. ಕೊಯ್ಲಾದ ಮೇಲೆ ಉಪ್ಪುನೀರು ಒಳಬರುತ್ತದೆ. ಆಗ ಅದೇ ಜಾಗ ಮೀನು, ಸೀಗಡಿಯ ನೆಲೆ. ಪಕ್ಕದ ಸಾಣಿಕಟ್ಟೆಯಲ್ಲಿ ಉಪ್ಪಿನ ಆಗರ. ಹಸಿರು ಬಳಿದರೂ ತಪ್ಪು, ನೀಲಿ ಬಳಿದರೂ ತಪ್ಪು. ಇಂಥ ಕಡೆಯೇ ಒಳ್ಳೆಯ ಐಡಿಯಾ ಹುಟ್ಟುತ್ತದೆ. ಮಳೆಗಾಲಕ್ಕೊಂದು, ಬೇಸಿಗೆಗೊಂದು ಹೀಗೆ ಎರಡು ನಕ್ಷೆ ಪಕ್ಕಪಕ್ಕ ಇಡಬಹುದು. ಅಥವಾ ಗಜನಿಯ ಮೇಲೆ ಹಸಿರು, ನೀಲಿ ಪಟ್ಟೆ ಎಳೆಯಬಹುದು. ನನಗೆ ಎರಡು ನಕ್ಷೆಯೇ ವಾಸಿ ಅನಿಸುತ್ತದೆ. ಮಕ್ಕಳು ಎರಡನ್ನೂ ಹೋಲಿಸಿ ನೋಡುತ್ತಾರೆ, ಪ್ರಶ್ನೆ ಕೇಳುತ್ತಾರೆ.

ಹೊರಗಿನ ನಕ್ಷೆಗಳನ್ನು ನೋಡಲೇಬಾರದು ಅಂತಲ್ಲ. ನೋಡಿ, ಆದರೆ ಅವರು ಹೇಗೆ ಯೋಚಿಸಿದರು ಅನ್ನುವುದನ್ನು ತೆಗೆದುಕೊಳ್ಳಿ. ಪೆಸಿಫಿಕ್ ಸಾಗರದ ಮಾರ್ಷಲ್ ದ್ವೀಪಗಳ ನಾವಿಕರು ತೆಂಗಿನ ಗರಿಯ ಕಡ್ಡಿಗಳನ್ನು ಕಟ್ಟಿ ನಕ್ಷೆ ಮಾಡುತ್ತಿದ್ದರು. ದ್ವೀಪ ಇರುವಲ್ಲಿ ಒಂದು ಕವಡೆ. ಬಾಗಿದ ಕಡ್ಡಿ ಅಂದರೆ ದ್ವೀಪಕ್ಕೆ ಬಡಿದು ತಿರುಗುವ ಅಲೆ. ಅದನ್ನು ದೋಣಿಯಲ್ಲಿ ಒಯ್ಯುತ್ತಿರಲಿಲ್ಲ, ದಡದಲ್ಲೇ ಕೂತು ಕಲಿತು ಹೊರಡುತ್ತಿದ್ದರು. ಅವರಿಗೆ ದೂರಕ್ಕಿಂತ ಅಲೆ ಮುಖ್ಯವಾಗಿತ್ತು, ಅಲೆಯನ್ನೇ ಬರೆದರು. ನಮ್ಮ ತದಡಿ, ಬೇಲೆಕೇರಿಯ ಮೀನುಗಾರರಿಗೆ ಏನು ಮುಖ್ಯ? ಹೋಗಿ ಕೇಳಿ. ಒಂದು ಖಾಲಿ ಹಾಳೆ, ಪೆನ್ಸಿಲ್ ಕೊಟ್ಟು "ಅಣ್ಣಾ, ಅಳಿವೆಯಿಂದ ಹೊರಗೆ ಹೋಗುವ ದಾರಿ ಸ್ವಲ್ಪ ಬರೆದು ತೋರಿಸ್ತೀರಾ?" ಅನ್ನಿ. ನೀವು ತೀಡಬೇಡಿ, ತಿದ್ದಬೇಡಿ. ಅವರು ಯಾವುದನ್ನು ದೊಡ್ಡದಾಗಿ ಬರೆಯುತ್ತಾರೆ, ಯಾವುದನ್ನು ಬಿಡುತ್ತಾರೆ ನೋಡಿಕೊಳ್ಳಿ. ಬಸ್ ಡ್ರೈವರ್, ಮೀನು ಮಾರುವ ಅಕ್ಕ, ಅಡಿಕೆ ತೋಟದ ಅಜ್ಜ, ಒಬ್ಬೊಬ್ಬರ ಹಾಳೆಯೂ ಬೇರೆ ಇರುತ್ತದೆ.

ಬಣ್ಣಕ್ಕೂ ದೂರ ಹೋಗುವುದು ಬೇಡ. ಕರಾವಳಿಯ ಹಳೆಯ ದೇವಸ್ಥಾನಗಳ ಗೋಡೆಯಲ್ಲಿ ಕಾವಿ ಚಿತ್ರಗಳಿವೆ. ಸುಣ್ಣದ ಗಾರೆಯ ಮೇಲೆ ಕೆಂಪು ಹಚ್ಚಿ, ಹಸಿಯಿರುವಾಗಲೇ ಕೆರೆದು ಕೆಳಗಿನ ಬಿಳಿಯನ್ನು ಹೊರತರುತ್ತಾರೆ. ಬರೀ ಎರಡು ಬಣ್ಣದಲ್ಲಿ ಎಷ್ಟು ಹೇಳಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ. ಮುದ್ರಣದ ಖರ್ಚೂ ಉಳಿಯುತ್ತದೆ. ಘಟ್ಟದ ಮೇಲಿನ ದೀವರ ಸಮುದಾಯದ ಹೆಂಗಸರ ಹಸೆ ಚಿತ್ತಾರದ ವಿಷಯ ಸ್ವಲ್ಪ ಬೇರೆ. ಕೆಮ್ಮಣ್ಣಿನ ಗೋಡೆ, ಅಕ್ಕಿ ಹಿಟ್ಟಿನ ಬಿಳಿ, ಪುಂಡಿ ನಾರಿನ ಕುಂಚ. ಅದು ಮದುವೆಯ ಚಿತ್ರ, ಅದರ ಒಂದೊಂದು ಎಳೆಗೂ ಅರ್ಥವಿದೆ. ಅದನ್ನು ಕತ್ತರಿಸಿ ನಕ್ಷೆಯ ಅಂಚಿಗೆ ಅಂಟಿಸುವುದು ನನಗೆ ಸರಿ ಕಾಣುವುದಿಲ್ಲ. ಬೇಕೇ ಬೇಕಾದರೆ ಚಿತ್ತಾರ ಬರೆಯುವವರನ್ನೇ ಕರೆಯಿರಿ, ಸಂಭಾವನೆ ಕೊಡಿ, ಅವರ ಹೆಸರು ಹಾಕಿ.

ಬಿಡಬೇಕಾದ್ದನ್ನೂ ಹುಡುಕಾಟದಲ್ಲೇ ತೀರ್ಮಾನಿಸಿ. 2021ರಲ್ಲಿ ನಕ್ಷೆ ಮಾಡುವ ನಿಯಮಗಳು ಸಡಿಲವಾಗಿವೆ, ನಿಜ. ಆದರೂ ಕಾರವಾರದ ನೌಕಾನೆಲೆ, ಕೈಗಾ ಸ್ಥಾವರದ ಒಳವಿವರ ನಿಮ್ಮ ನಕ್ಷೆಗೆ ಬೇಡ. ಕಡಲಾಮೆ ಮೊಟ್ಟೆಯಿಡುವ ಜಾಗ, ಸಿದ್ದಾಪುರ ಕಡೆಯ ರಾಂಪತ್ರೆ ಜಡ್ಡಿ (ರಾಂಪತ್ರೆ ಮರಗಳ ಜೌಗು ಕಾಡು) ಇಂಥವನ್ನು ಚುಕ್ಕಿಯಿಟ್ಟು ತೋರಿಸಬೇಡಿ. ಆ ಭಾಗದಲ್ಲಿವೆ ಅಂತ ಹೇಳಿದರೆ ಸಾಕು.

ಅಕ್ಷರದ ಕಡೆಗೂ ಗಮನ ಇರಲಿ. ಇಂಗ್ಲಿಷ್ ನಕ್ಷೆಗಳಲ್ಲಿ ಹೊಳೆಯ ಹೆಸರಿನ ಅಕ್ಷರಗಳನ್ನು ದೂರ ದೂರ ಬಿಡಿಸಿ, ಹರಿವಿನ ಉದ್ದಕ್ಕೂ ಬಾಗಿಸಿ ಬರೆಯುತ್ತಾರೆ. ಕನ್ನಡದಲ್ಲಿ ಹಾಗೆ ಮಾಡಿದರೆ ಹೆಸರು ಚೂರುಚೂರಾಗಿ ಕಾಣುತ್ತದೆ. ಒತ್ತಕ್ಷರ ಕೆಳಗಿಳಿದು ಹೊಳೆಯ ಗೆರೆಗೆ ತಾಗುತ್ತದೆ. ಗೆರೆಗಿಂತ ಸಾಕಷ್ಟು ಮೇಲೆ, ಸ್ವಲ್ಪವೇ ಬಾಗಿಸಿ ಬರೆಯಿರಿ.

ಇಷ್ಟಾದ ಮೇಲೆ ಕಂಪ್ಯೂಟರ್ ತೆರೆಯುವ ಮೊದಲೇ ಒಂದು ಎ3 ಹಾಳೆಯಲ್ಲಿ ಕಪ್ಪು ಪೆನ್ನಿನಿಂದ ಕರಡು ಬರೆಯಿರಿ. ದಾರಿ ಬರೆದುಕೊಟ್ಟವರಿಗೇ ಅದನ್ನು ಒಯ್ದು ತೋರಿಸಿ. ಅವರ ಬೆರಳು ಮೊದಲು ಎಲ್ಲಿಗೆ ಹೋಗುತ್ತದೆ ನೋಡಿ. ತಮ್ಮ ಊರು ತಕ್ಷಣ ಸಿಕ್ಕಿದರೆ ಬಣ್ಣ ಶುರು ಮಾಡಿ. ಹಾಳೆಯನ್ನು ತಿರುಗಿಸಿ ಮುರುಗಿಸಿ ಹುಡುಕಿದರೆ ಇನ್ನೊಂದು ಕರಡು ಬೇಕು.