ಪದ ಪರಿಚಯ: ರಿಲೇಟಿವ್ ಗೇನ್ ಅರೇ

ಕಾಸರಗೋಡಿನ ಬದಿಯಡ್ಕ ಕಡೆಯ ಒಂದು ಬಚ್ಚಲುಮನೆ ಎಂದುಕೊಳ್ಳಿ. ಒಂದು ನಲ್ಲಿಯಲ್ಲಿ ತಾರಸಿಯ ಸೋಲಾರಿನ ಬಿಸಿನೀರು, ಇನ್ನೊಂದರಲ್ಲಿ ಗುಡ್ಡದ ಸುರಂಗದಿಂದ ಹರಿದುಬಂದ ತಣ್ಣೀರು. ಎರಡೂ ಕೂಡಿ ಒಂದೇ ಬಾಯಿಯಿಂದ ಬೀಳುತ್ತವೆ. ಬೇಕಾದದ್ದು ಹದವಾದ ಬಿಸಿ ಮತ್ತು ಸಾಕಷ್ಟು ನೀರು. ಆದರೆ ಯಾವ ನಲ್ಲಿ ತಿರುಗಿಸಿದರೂ ಎರಡೂ ಬದಲಾಗುತ್ತವೆ. ರಾಸಾಯನಿಕ ಕಾರ್ಖಾನೆಯ ಬಟ್ಟಿ ಇಳಿಸುವ ಗೋಪುರದಲ್ಲೂ ಇದೇ ತೊಡಕು: ತಳದ ಹಬೆ ಹೆಚ್ಚಿಸಿದರೆ ತುದಿಯ ಶುದ್ಧತೆಯೂ ಅಲುಗುತ್ತದೆ.

ಯಾವ ವಾಲ್ವಿಗೆ ಯಾವ ಕೆಲಸ ವಹಿಸಬೇಕು? ಅದನ್ನು ಅಂಕಿಗಳಲ್ಲಿ ತೋರಿಸುವ ಕೋಷ್ಟಕವೇ ರಿಲೇಟಿವ್ ಗೇನ್ ಅರೇ. ಇದನ್ನು 1966ರಲ್ಲಿ ನಿಯಂತ್ರಣ ಎಂಜಿನಿಯರ್ ಎಡ್ಗರ್ ಬ್ರಿಸ್ಟಲ್ ಮುಂದಿಟ್ಟರು. ಇಲ್ಲಿ ‘ಗೇನ್’ ಎಂದರೆ ಲಾಭವಲ್ಲ, ಪ್ರಭಾವ. ನಿಘಂಟು ನೋಡಿ ‘ಸಾಪೇಕ್ಷ ಲಾಭ’ ಎಂದು ಬರೆದರೆ ವಿದ್ಯಾರ್ಥಿ ದಾರಿ ತಪ್ಪುತ್ತಾನೆ. ‘ಸಾಪೇಕ್ಷ ಪ್ರಭಾವ ಕೋಷ್ಟಕ’ ಎಂದರೆ ಅರ್ಥ ನೇರವಾಗಿ ತಲುಪುತ್ತದೆ.

ಲೆಕ್ಕ ಮಾಡಿಯೇ ನೋಡೋಣ. ಬಿಸಿನೀರು 45 ಡಿಗ್ರಿ, ತಣ್ಣೀರು 25, ಬೇಕಾದದ್ದು 41. ಹಾಗಾದರೆ ನಿಮಿಷಕ್ಕೆ 8 ಲೀಟರ್ ಬಿಸಿನೀರಿಗೆ 2 ಲೀಟರ್ ತಣ್ಣೀರು. ತಣ್ಣೀರಿನ ನಲ್ಲಿಯನ್ನು ಮುಟ್ಟದೆ ಬಿಸಿನೀರನ್ನು 1 ಲೀಟರ್ ಹೆಚ್ಚಿಸಿದರೆ ಒಟ್ಟು ಹರಿವೂ 1 ಲೀಟರ್ ಹೆಚ್ಚುತ್ತದೆ. ಈಗ ತಂಗಿಯೊಬ್ಬಳು ತಣ್ಣೀರಿನ ನಲ್ಲಿ ಹಿಡಿದು 41 ಡಿಗ್ರಿ ಕದಲದಂತೆ ಕಾಯುತ್ತಿದ್ದಾಳೆ ಎನ್ನಿ. ಅಣ್ಣ 1 ಲೀಟರ್ ಬಿಸಿನೀರು ಹೆಚ್ಚಿಸಿದರೆ ಅವಳು ಕಾಲು ಲೀಟರ್ ತಣ್ಣೀರು ಸೇರಿಸಲೇಬೇಕು, ಹರಿವು 1.25 ಲೀಟರ್ ಏರುತ್ತದೆ. 1ನ್ನು 1.25ರಿಂದ ಭಾಗಿಸಿದರೆ 0.8. ಅದೇ ಹರಿವಿನ ಮೇಲೆ ಬಿಸಿನೀರಿನ ನಲ್ಲಿಯ ಸಾಪೇಕ್ಷ ಪ್ರಭಾವ.

ಕೋಷ್ಟಕದ ಅಡ್ಡ ಸಾಲುಗಳು ಹರಿವು ಮತ್ತು ಬಿಸಿ, ಕಂಬಸಾಲುಗಳು ಎರಡು ನಲ್ಲಿಗಳು. ಅಡ್ಡ ಸಾಲಿನಲ್ಲೂ ಕಂಬಸಾಲಿನಲ್ಲೂ ಮೊತ್ತ ಯಾವಾಗಲೂ 1. ಹಾಗಾಗಿ ಉಳಿದ ಮನೆಗಳು ತಾವಾಗಿಯೇ ತುಂಬುತ್ತವೆ: ಹರಿವಿಗೆ ತಣ್ಣೀರು 0.2, ಬಿಸಿಗೆ ಬಿಸಿನೀರು 0.2, ಬಿಸಿಗೆ ತಣ್ಣೀರು 0.8. ಅಂದರೆ ಬಿಸಿಯ ಹದ ಕಾಯಬೇಕಾದದ್ದು ತಣ್ಣೀರಿನ ನಲ್ಲಿ! ನನಗೆ ಈ ಕೋಷ್ಟಕ ಇಷ್ಟವಾಗುವುದೇ ಇದಕ್ಕೆ.

ದೊಡ್ಡ ಘಟಕಗಳಲ್ಲಿ ಸಾಲುಗಳು ಹತ್ತಾರು ಇದ್ದರೆ ಮನೆಗಳಿಗೆ ಬಣ್ಣ ತುಂಬಿ ನೋಡುವುದು ಒಳ್ಳೆಯದು. 1ರ ಹತ್ತಿರದ ಮನೆ ಗಾಢವಾಗಿರಲಿ, ಅದೇ ಸರಿಯಾದ ಜೋಡಿ. ಋಣ ಸಂಖ್ಯೆಗೆ ಕೆಂಪು ಬಳಿಯಿರಿ. ಆ ಜೋಡಿಯ ಗೊಡವೆಗೆ ಹೋಗಬಾರದು. ಬಿಸಿಲು ಜೋರಾಗಿ ಸೋಲಾರಿನ ನೀರು 57 ಡಿಗ್ರಿಗೆ ಏರಿದ ದಿನ ನಮ್ಮ ನಾಲ್ಕೂ ಮನೆಗಳು 0.5 ಆಗಿ ಒಂದೇ ಬಣ್ಣಕ್ಕೆ ತಿರುಗುತ್ತವೆ. ಅಣ್ಣ ತಂಗಿಯರ ಜಗ್ಗಾಟ ತೀರಾ ಹೆಚ್ಚುವುದು ಅಂದೇ.

ಒಂದು ಎಚ್ಚರ: ಈ ಅಂಕಿಗಳು ಎಲ್ಲವೂ ನೆಲೆಗೊಂಡ ಮೇಲಿನ ಸ್ಥಿತಿಯವು. ಕೊಳವೆ ಉದ್ದವಾಗಿ ಬಿಸಿನೀರು ಒಂದು ನಿಮಿಷ ತಡವಾಗಿ ಬಂದರೆ, ಆ ತಡ ಯಾವ ಮನೆಯಲ್ಲೂ ಕಾಣುವುದಿಲ್ಲ.